ಒಳ್ಳೆಯ ನಿರ್ಧಾರ ಎಂದರೆ ಯಾವುದು? ಕೋಲಾರದ ನೂರನಲವತ್ತು ವರ್ಷದ ಲೆಕ್ಕ

ಉದ್ದಿಮೆಯ ವ್ಯವಸ್ಥಾಪಕರು ದಿನವಿಡೀ ಮಾಡುವ ಕೆಲಸಗಳನ್ನು ಸೋಸಿದರೆ ಕೊನೆಗೆ ಉಳಿಯುವುದು ಎರಡೇ: ನಿರ್ಧಾರ ಮಾಡುವುದು, ತೊಡಕು ಬಿಡಿಸುವುದು. ಹೊರಗಿನಿಂದ ಒಂದೇ ಎಂದು ಕಂಡರೂ ಇವು ಬೇರೆ ಬೇರೆ ಕೆಲಸಗಳು. ಮುಂದಿರುವ ಹಲವು ದಾರಿಗಳಲ್ಲಿ ಒಂದನ್ನು ಹಿಡಿದು ಉಳಿದವನ್ನು ಕೈಬಿಡುವುದು ನಿರ್ಧಾರ. ಕೆಲಸ ನಡೆಯಬೇಕಾದಂತೆ ನಡೆಯದಿದ್ದಾಗ ಎಲ್ಲಿ ಕೆಟ್ಟಿತು, ಏಕೆ ಕೆಟ್ಟಿತು ಎಂದು ಹುಡುಕಿ ಸರಿಪಡಿಸುವುದು ತೊಡಕು ಬಿಡಿಸುವ ಕೆಲಸ. ಕಾರಣ ತಿಳಿಯುವ ಮೊದಲೇ ನಿರ್ಧಾರಕ್ಕೆ ಧುಮುಕುವುದು, ಇಲ್ಲವೇ ನಿರ್ಧಾರ ಮಾಡಬೇಕಾದ ಹೊತ್ತಿನಲ್ಲಿ ಇನ್ನೂ ಕಾರಣ ಹುಡುಕುತ್ತ ಕೂರುವುದು: ಕಚೇರಿ, ಕಾರ್ಖಾನೆಗಳಲ್ಲಿ ಕಾಣುವ ಎಡವಟ್ಟುಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದು.

ಈ ವಿಷಯವನ್ನು ಶಾಸ್ತ್ರೀಯವಾಗಿ ನೋಡಿದವರಲ್ಲಿ ಅಮೆರಿಕದ ಹರ್ಬರ್ಟ್ ಸೈಮನ್ ಮುಖ್ಯರು. ಆಡಳಿತದೊಳಗಿನ ನಿರ್ಧಾರಗಳ ಬಗ್ಗೆ 1947ರಲ್ಲಿ ಪುಸ್ತಕ ಬರೆದ ಅವರಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಎಲ್ಲ ಮಾಹಿತಿ ಮುಂದಿಟ್ಟುಕೊಂಡು, ಎಲ್ಲ ದಾರಿಗಳನ್ನೂ ತೂಗಿ, ಅತ್ಯುತ್ತಮವಾದದ್ದನ್ನು ಆರಿಸುವ ಮನುಷ್ಯ ಪಠ್ಯಪುಸ್ತಕದಲ್ಲಿ ಮಾತ್ರ ಇದ್ದಾನೆ ಎಂಬುದು ಅವರ ವಾದದ ತಿರುಳು. ನಿಜವಾದ ವ್ಯವಸ್ಥಾಪಕರಿಗೆ ಸಮಯ ಕಡಿಮೆ, ಮಾಹಿತಿ ಅರೆಬರೆ, ತಲೆಯ ಶಕ್ತಿಗೂ ಮಿತಿ ಉಂಟು. ಆದ್ದರಿಂದ ಅವರು 'ಇಷ್ಟಾದರೆ ಸಾಕು' ಎಂಬ ಗೆರೆ ಎಳೆದು, ಅದನ್ನು ದಾಟಿದ ಮೊದಲ ದಾರಿಯನ್ನು ಹಿಡಿಯುತ್ತಾರೆ. ಇದು ದೌರ್ಬಲ್ಯವಲ್ಲ. ಗೆರೆಯನ್ನು ಎಲ್ಲಿ ಎಳೆಯಬೇಕು, ಅರೆಬರೆ ಮಾಹಿತಿಯನ್ನು ಎಷ್ಟು ನಂಬಬೇಕು ಎಂಬಲ್ಲಿ ಜಾಣರೂ ದಡ್ಡರೂ ಬೇರೆಯಾಗುತ್ತಾರೆ.

ಪುಸ್ತಕದ ಈ ಮಾತುಗಳನ್ನು ನೆಲದ ಮೇಲಿಟ್ಟು ನೋಡಲು ಕೋಲಾರ ಜಿಲ್ಲೆ ಚೆನ್ನಾಗಿ ಒದಗುತ್ತದೆ. ನೂರಿಪ್ಪತ್ತು ವರ್ಷ ನಡೆದು ಮುಚ್ಚಿದ ಚಿನ್ನದ ಗಣಿ ಇಲ್ಲಿದೆ. ಮೊಬೈಲ್ ಫೋನ್ ಜೋಡಿಸುವ ಕಾರ್ಖಾನೆ ಇದೆ. ಬೆಳಗಾಗುವಷ್ಟರಲ್ಲಿ ಬೆಲೆ ಏರಿಳಿಯುವ ಟೊಮ್ಯಾಟೊ ಮಂಡಿಗಳಿವೆ. ಪಕ್ಕದ ರಾಜ್ಯದ ಕಾರ್ಖಾನೆಗಳನ್ನು ನೆಚ್ಚಿಕೊಂಡ ಮಾವಿನ ತೋಪುಗಳಿವೆ.

ಮುಳುಗಿದ ಹಣ, ಉಳಿದ ಹಣ

ಕೋಲಾರದ ನೆಲದಲ್ಲಿ ಚಿನ್ನ ತೆಗೆಯುತ್ತಿದ್ದುದು ಬ್ರಿಟಿಷರಿಗೂ ಬಹಳ ಹಿಂದಿನಿಂದ. 1802ರಲ್ಲಿ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ ಊರವರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ಬರೆದಿಟ್ಟರು. ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಮೈಕೇಲ್ ಲ್ಯಾವೆಲ್ 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಹಕ್ಕು ಪಡೆದರು. ಒಬ್ಬರ ಜೇಬಿನಿಂದ ಆಗುವ ಕೆಲಸವಲ್ಲವಾದ್ದರಿಂದ ಹಕ್ಕು ಕೈಬದಲಾಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ನಿರ್ವಹಣೆಗೆ ಇಳಿಯಿತು. ಕಂಪನಿಗಳು ಹುಟ್ಟಿದವು, ಷೇರು ಮಾರಾಟವಾಯಿತು, ಗುಂಡಿ ತೋಡಿದ್ದಾಯಿತು. ಚಿನ್ನ ಮಾತ್ರ ಲಾಭ ಬರುವಷ್ಟು ಸಿಗಲಿಲ್ಲ. 1883ರ ಹೊತ್ತಿಗೆ ಮೈಸೂರು ಮೈನ್ ಕಂಪನಿಯ ಬಂಡವಾಳ ಬಹುಪಾಲು ಕರಗಿತ್ತು. ಉಳಿದ ಚಿಲ್ಲರೆಯನ್ನು ಹಂಚಿಕೊಂಡು ಬಾಗಿಲು ಹಾಕುವುದೋ, ಅದನ್ನೂ ನೆಲದಲ್ಲಿ ಸುರಿಯುವುದೋ ಎಂಬುದು ಷೇರುದಾರರ ಮುಂದಿದ್ದ ಪ್ರಶ್ನೆ.

ಇಂಥ ಹೊತ್ತಿನಲ್ಲಿ ಯಾವ ಸಭೆಯಲ್ಲಾದರೂ ಕೇಳಿಬರುವ ವಾದ ಒಂದಿದೆ: "ಇಷ್ಟೊಂದು ಹಾಕಿದ್ದೇವೆ, ಈಗ ಬಿಟ್ಟರೆ ಎಲ್ಲ ನೀರಲ್ಲಿ ಹೋಮ." ಕೇಳಲು ನ್ಯಾಯವಾಗಿ ತೋರುವ ಈ ಮಾತಿಗೆ ಲೆಕ್ಕದಲ್ಲಿ ಜಾಗವಿಲ್ಲ. ಹಾಕಿದ ಹಣ ಮುಂದುವರಿದರೂ ವಾಪಸು ಬರುವುದಿಲ್ಲ, ನಿಲ್ಲಿಸಿದರೂ ಬರುವುದಿಲ್ಲ. ತೂಗಬೇಕಾದದ್ದು ಇನ್ನು ಮುಂದೆ ಹಾಕುವ ಹಣವನ್ನು ಮತ್ತು ಅದರಿಂದ ಬರಬಹುದಾದ ಫಲವನ್ನು ಮಾತ್ರ. ಗೊತ್ತಿದ್ದರೂ ಮನಸ್ಸು ಒಪ್ಪುವುದಿಲ್ಲ. ಅಮೆರಿಕದ ಆರ್ಕ್ಸ್ ಮತ್ತು ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವರ್ಷದ ನಾಟಕಗಳ ಟಿಕೆಟ್ಟನ್ನು ಪೂರ್ತಿ ಬೆಲೆಗೆ ಕೊಂಡವರು ರಿಯಾಯಿತಿಯಲ್ಲಿ ಕೊಂಡವರಿಗಿಂತ ಹೆಚ್ಚು ನಾಟಕಗಳಿಗೆ ಹೋದರು. ರಿಯಾಯಿತಿ ಯಾರಿಗೆ ಎಂಬುದನ್ನು ಚೀಟಿ ಎತ್ತಿದಂತೆ ಗೊತ್ತುಮಾಡಲಾಗಿತ್ತು. ಒಳಗೆ ನಡೆಯುತ್ತಿದ್ದ ನಾಟಕವೂ ಎರಡೂ ಗುಂಪಿಗೆ ಅದೇ. ಕೊಟ್ಟ ದುಡ್ಡು ಕಾಲು ಎಳೆಯುತ್ತಿತ್ತು.

ಹಾಗಾದರೆ ಮೈಸೂರು ಮೈನ್‌ನವರು ಮುಂದುವರಿದದ್ದು ಇದೇ ತಪ್ಪೇ? ಅಲ್ಲ. ಟೇಲರ್ ಸಂಸ್ಥೆ ಹಿಂದೆ ಸುರಿದ ಹಣವನ್ನಷ್ಟೇ ಮುಂದಿಟ್ಟು ವಾದಿಸಿದ್ದರೆ ತಪ್ಪಾಗುತ್ತಿತ್ತು. ಉಳಿದ ಹಣವನ್ನು ಎಲ್ಲೆಂದರಲ್ಲಿ ಖರ್ಚು ಮಾಡದೆ ಒಂದು ಸುಳಿವಿನ ಮೇಲೆ ಅವರು ಪಣವಿಟ್ಟರು. ಗಣಿಯ ಹೊಣೆ ಹೊತ್ತ ಕ್ಯಾಪ್ಟನ್ ಪ್ಲಮರ್ ಗಮನಿಸಿದ್ದು ಹಿಂದಿನವರು ಕೈಯಿಂದ ತೋಡಿದ್ದ ಹಳೆಯ ಗುಂಡಿಗಳನ್ನು. ಉಳಿ, ಸುತ್ತಿಗೆ, ಬೆಂಕಿ ಬಿಟ್ಟರೆ ಬೇರೆ ಸಾಧನವಿಲ್ಲದ ಜನ ಅಷ್ಟು ಆಳಕ್ಕೆ ಇಳಿಯಬೇಕಾದರೆ ಅಲ್ಲಿ ಅವರನ್ನು ಎಳೆದ ಅದಿರು ಇದ್ದಿರಲೇಬೇಕು. ಅವರು ನಿಲ್ಲಿಸಿದ್ದು ಅದಿರು ಮುಗಿದು ಇರಬಹುದು, ನೀರು ಬಂದು ಮುಂದೆ ಹೋಗಲಾಗದೆಯೂ ಇರಬಹುದು. ನೀರೆತ್ತುವ ಯಂತ್ರ ಇದ್ದವರಿಗೆ ಎರಡನೆಯದು ಅಡ್ಡಿಯಲ್ಲ. ಹಳೆಯ ಕೆಲಸದ ತಳ ಹಿಡಿದು ಇಳಿದಾಗ ಸಿಕ್ಕಿದ್ದು ಚಾಂಪಿಯನ್ ಲೋಡ್ ಎಂದು ಹೆಸರಾದ ಚಿನ್ನದ ಪದರ. ಮುಂದಿನ ನೂರು ವರ್ಷಕ್ಕೂ ಹೆಚ್ಚು ಕಾಲ ಕೋಲಾರದ ಗಣಿಗಳನ್ನು ಸಾಕಿದ್ದು ಅದೇ. ಮುಚ್ಚುವ ಹೊತ್ತಿಗೆ ಅಲ್ಲಿಂದ ಹೊರಬಂದಿದ್ದ ಚಿನ್ನ ಸುಮಾರು 800 ಟನ್.

ಇಲ್ಲೊಂದು ಎಚ್ಚರ ಬೇಕು. ಚಿನ್ನ ಸಿಕ್ಕಿದ್ದರಿಂದ ಆ ನಿರ್ಧಾರ ಒಳ್ಳೆಯದಾಯಿತು ಎಂದು ಹೇಳುವುದು ಸುಲಭ, ಮತ್ತು ತಪ್ಪು. ಚಿನ್ನ ಸಿಗದೆ ಹೋಗಿದ್ದರೂ ಅದು ತಕ್ಕ ನಿರ್ಧಾರವೇ ಆಗಿರುತ್ತಿತ್ತು: ಹಾಕಿದ ಹಣ ಸಣ್ಣದು, ಸಿಗಬಹುದಾದದ್ದು ದೊಡ್ಡದು, ನಂಬಲು ಕಣ್ಣಿಗೆ ಕಾಣುವ ಕಾರಣವೊಂದಿತ್ತು, ಸೋತರೆ ಎಲ್ಲಿ ನಿಲ್ಲುವುದು ಎಂಬುದೂ ಗೊತ್ತಿತ್ತು. 1988ರಲ್ಲಿ ಬ್ಯಾರನ್ ಮತ್ತು ಹರ್ಷಿ ಎಂಬ ಮನೋವಿಜ್ಞಾನಿಗಳು, ವೈದ್ಯರ ಒಂದೇ ನಿರ್ಧಾರವನ್ನು ವಿವರಿಸಿ, ಕೆಲವರಿಗೆ ರೋಗಿ ಬದುಕಿದ ಎಂದೂ ಕೆಲವರಿಗೆ ಸತ್ತ ಎಂದೂ ಹೇಳಿ ನೋಡಿದರು. ಬದುಕಿದ ಎಂದು ಕೇಳಿದವರು ನಿರ್ಧಾರಕ್ಕೆ ಹೆಚ್ಚು ಅಂಕ ಕೊಟ್ಟರು. ವರ್ಷದ ಕೊನೆಗೆ ಸಿಬ್ಬಂದಿಯನ್ನು ಅಳೆಯುವ ಕಂಪನಿಗಳು ಮಾಡುವುದೂ ಇದನ್ನೇ. ಅದೃಷ್ಟದಿಂದ ಗೆದ್ದವರಿಗೆ ಬಡ್ತಿ, ಸರಿಯಾಗಿ ಯೋಚಿಸಿ ಸೋತವರಿಗೆ ನೋಟಿಸು. ಹತ್ತು ವರ್ಷ ಹೀಗೆ ನಡೆದರೆ ಮೇಲಿನ ಕುರ್ಚಿಗಳಲ್ಲಿ ಯಾರು ಕೂತಿರುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ.

ಹಿಂದೆ ಬರಲಾಗದ ದಾರಿ

ನಿರ್ಧಾರಗಳಲ್ಲಿ ಕೆಲವನ್ನು ನಾಳೆ ಬದಲಾಯಿಸಬಹುದು, ಕೆಲವನ್ನು ಆಗದು. ಮೊದಲನೆಯವಕ್ಕೆ ವಾರಗಟ್ಟಲೆ ಸಭೆ ನಡೆಸುವುದು ದಂಡ. ಎರಡನೆಯವನ್ನು ಕಾಫಿ ಕುಡಿಯುತ್ತ ಮುಗಿಸುವುದು ಅಪಾಯ. ಮಾಲೂರಿನ ಕಾರ್ಖಾನೆಯೊಂದು ಪ್ಯಾಕಿಂಗ್ ಪೆಟ್ಟಿಗೆಯ ಸರಬರಾಜುದಾರರನ್ನು ಬದಲಿಸುವುದು ಮೊದಲ ಬಗೆ, ಹೊಸ ಶೆಡ್ಡಿಗೆ ಜಮೀನು ಕೊಳ್ಳುವುದು ಎರಡನೆಯದು. ಎರಡಕ್ಕೂ ಒಂದೇ ಕಡತ, ಅದೇ ಆರು ಸಹಿ ಎಂಬ ಪದ್ಧತಿ ಇರುವಲ್ಲಿ ಸಣ್ಣದು ನಿಧಾನವಾಗುತ್ತದೆ, ದೊಡ್ಡದು ಅವಸರದಲ್ಲಿ ಮುಗಿಯುತ್ತದೆ.

ಎರಡನೆಯ ಬಗೆಯ ದೊಡ್ಡ ಉದಾಹರಣೆ ಗಣಿಗೆ ಬಂದ ವಿದ್ಯುತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗಣಿಗಳು ನಡೆಯುತ್ತಿದ್ದುದು ಉಗಿಯಂತ್ರಗಳಿಂದ. ಕಲ್ಲಿದ್ದಲು ದೂರದಿಂದ ಬರಬೇಕು, ಸೌದೆಗೆ ಸುತ್ತಲ ಕಾಡು ಬರಿದಾಗುತ್ತಿತ್ತು. ಅತ್ತ ಕಾವೇರಿ ಶಿವನಸಮುದ್ರದಲ್ಲಿ ಬಂಡೆಗೆ ಬಡಿದು ಸುಮ್ಮನೆ ಹರಿದುಹೋಗುತ್ತಿತ್ತು. ಜಲಪಾತದಿಂದ ಗಣಿಗೆ ತಂತಿ ಎಳೆಯಬೇಕಾದ ದೂರ ಸುಮಾರು 147 ಕಿಲೋಮೀಟರ್. ಭಾರತದಲ್ಲಿ ಅಷ್ಟು ದೂರಕ್ಕೆ ವಿದ್ಯುತ್ ಒಯ್ದವರು ಯಾರೂ ಇರಲಿಲ್ಲ, ಜಗತ್ತಿನಲ್ಲೂ ಬೆರಳೆಣಿಕೆಯ ಉದಾಹರಣೆಗಳಿದ್ದವು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಕ್ಯಾಪ್ಟನ್ ಜೋಲಿ ದ ಲೋಬಿನಿಯೇರ್ ಈ ಅಳುಕನ್ನು ಎದುರಿಸಿದ ರೀತಿ ಗಮನಿಸುವಂಥದ್ದು. ಜೋಲಿ ಯೂರೋಪ್, ಅಮೆರಿಕಗಳಿಗೆ ಹೋಗಿ ನಡೆಯುತ್ತಿದ್ದ ಯೋಜನೆಗಳನ್ನು ಕಣ್ಣಾರೆ ನೋಡಿ ಬಂದರು. ವಿದ್ಯುತ್ ಯಂತ್ರಗಳಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್, ನೀರಿನ ಚಕ್ರಗಳಿಗೆ ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಎಂದು ಅನುಭವಸ್ಥರನ್ನೇ ಹಿಡಿದರು. ಎಲ್ಲಕ್ಕಿಂತ ಮುಖ್ಯವಾಗಿ, ವಿದ್ಯುತ್ತನ್ನು ಕೊಳ್ಳುವವರೊಂದಿಗೆ ಮೊದಲೇ ಕರಾರು ಆಯಿತು. ಗಿರಾಕಿ ಗೊತ್ತಾದ ಮೇಲೆ ಮಾಡಿದ ಸಾಲದ ಭಾರವೇ ಬೇರೆ. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ ಗಣಿಗೆ ಹರಿಯಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಇನ್ನೂ ಮೂರು ವರ್ಷದ ನಂತರ, 1905ರ ಆಗಸ್ಟ್ 5ರಂದು. ಮೊದಲು ಕಾಸು ಕೊಡುವ ಗಣಿ, ಆಮೇಲೆ ಊರು ಎಂಬ ಈ ಸರದಿಯಲ್ಲೂ ಲೆಕ್ಕವಿತ್ತು.

ಬಂಡೆ ಸಿಡಿದಾಗ

ತೊಡಕು ಬಿಡಿಸುವ ಕೆಲಸಕ್ಕೂ ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ಎಂದು ಕರೆಯುವ ಈ ಗಣಿ ಪ್ರದೇಶ ಪಾಠಶಾಲೆಯೇ. ಗಣಿ ಆಳಕ್ಕೆ ಹೋದಂತೆ ಬಂಡೆಗಳು ಇದ್ದಕ್ಕಿದ್ದಂತೆ ಸಿಡಿಯತೊಡಗಿದವು. ಅದಿರು ತೆಗೆದ ಜಾಗ ಪೊಳ್ಳಾಗುತ್ತದೆ, ಮೇಲಿನ ಸಾವಿರಾರು ಅಡಿ ಬಂಡೆಯ ಭಾರ ಅಕ್ಕಪಕ್ಕದ ಗೋಡೆಗಳ ಮೇಲೆ ಕೂಡುತ್ತದೆ, ತಡೆಯುವಷ್ಟು ತಡೆದು ಒಂದು ಗಳಿಗೆಯಲ್ಲಿ ಗೋಡೆ ಚೂರಾಗಿ ಹಾರುತ್ತದೆ. ಮೇಲೆ ಊರಿನ ಮನೆಗಳಲ್ಲಿ ಪಾತ್ರೆ ಅಲುಗಾಡಿದರೆ, ಕೆಳಗೆ ಪಾಳಿಗೆ ಇಳಿದವರ ಮನೆಯವರ ಎದೆ ನಡುಗುತ್ತಿತ್ತು.

ಸಿಡಿದ ಜಾಗವನ್ನು ಸರಿಮಾಡಿ, ಬಿದ್ದ ಕಲ್ಲು ತೆಗೆದು, ಮರದ ತೊಲೆಗಳನ್ನು ಮತ್ತೆ ನಿಲ್ಲಿಸಿ ಕೆಲಸ ಮುಂದುವರಿಸುವುದು ಮೊದಲ ಪ್ರತಿಕ್ರಿಯೆ. ಎಲ್ಲ ಕಾರ್ಖಾನೆಗಳಲ್ಲೂ ಮೊದಲ ಪ್ರತಿಕ್ರಿಯೆ ಅದೇ: ಯಂತ್ರ ನಿಂತಿತೇ, ಬೆಲ್ಟ್ ಬದಲಾಯಿಸಿ ಓಡಿಸು. ಆದರೆ ಮತ್ತೆ ಮತ್ತೆ ಬರುವ ತೊಂದರೆ ಬೇರೆ ಜಾತಿಯದು, ಅದಕ್ಕೆ ದಾಖಲೆ ಬೇಕು. ಮೈಸೂರು ಸರ್ಕಾರದ ಭೂವಿಜ್ಞಾನಿ ಡಬ್ಲ್ಯೂ. ಎಫ್. ಸ್ಮೀತ್ 1904ರಲ್ಲೇ ಕೋಲಾರದ ಗಣಿಗಳ ಈ ಸ್ಫೋಟ, ಕಂಪನಗಳ ಬಗ್ಗೆ ವರದಿ ಪ್ರಕಟಿಸಿದರು. 1912ರಲ್ಲಿ ಭೂಕಂಪ ಮಾಪಕ ಬಂತು. ಎಲ್ಲಿ, ಯಾವಾಗ, ಎಷ್ಟು ಜೋರು ಎಂದು ಗುರುತು ಹಾಕುತ್ತ ಹೋದಾಗ ಚಿತ್ರ ನಿಧಾನವಾಗಿ ತಿಳಿಯಾಯಿತು. ಆಧಾರಕ್ಕೆಂದು ನಡುನಡುವೆ ಬಿಟ್ಟಿದ್ದ ಅದಿರಿನ ಕಂಬಗಳೇ ಭಾರವನ್ನು ಒಂದೆಡೆ ಕೂಡಿಸಿ ಸಿಡಿತಕ್ಕೆ ದಾರಿ ಮಾಡುತ್ತಿದ್ದವು. ಕಾಪಾಡಲೆಂದು ಮಾಡಿದ ಏರ್ಪಾಡೇ ಕಾರಣಗಳಲ್ಲೊಂದು ಎಂಬುದು ಊಹೆಯಿಂದ ಹೊಳೆಯುವ ಸಂಗತಿಯಲ್ಲ. ಅದಿರು ತೆಗೆಯುವ ಕ್ರಮ ಬದಲಾಯಿತು, ಪೊಳ್ಳು ಜಾಗಕ್ಕೆ ಗ್ರಾನೈಟ್ ಕಲ್ಲಿನ ಗೋಡೆ, ಮುಂದೆ ಕಾಂಕ್ರೀಟು ಬಂತು. ಸಿಡಿತ ಪೂರ್ತಿ ನಿಲ್ಲಲಿಲ್ಲ. ಅಷ್ಟು ಆಳದಲ್ಲಿ ನಿಲ್ಲುವಂಥದ್ದೂ ಅಲ್ಲ. 1988ರಲ್ಲಿ ಬಂಡೆಗಳ ಯಂತ್ರಶಾಸ್ತ್ರಕ್ಕೆ ಮೀಸಲಾದ ರಾಷ್ಟ್ರೀಯ ಸಂಸ್ಥೆ ಕೆಜಿಎಫ್‌ನಲ್ಲೇ ಹುಟ್ಟಿದ್ದಕ್ಕೆ ಈ ಅನುಭವವೇ ಹಿನ್ನೆಲೆ.

ನಿರ್ಧರಿಸದೆ ಇರುವುದೂ ನಿರ್ಧಾರ

ಇದೇ ಗಣಿಯ ಕೊನೆಯ ದಶಕಗಳು ಕಲಿಸುವುದು ಬೇರೆ. ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂಗೂ ಮೇಲೆ ಸಿಗುತ್ತಿದ್ದ ಚಿನ್ನ ಕೊನೆಗೆ 3 ಗ್ರಾಂ ಆಸುಪಾಸಿಗೆ ಇಳಿದಿತ್ತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಅಲ್ಲಿನ ಬಂಡೆಯ ತಾಪ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಗಾಳಿ ತಂಪು ಮಾಡಬೇಕು, ನೀರು ಎತ್ತಬೇಕು, ಜನರನ್ನೂ ಅದಿರನ್ನೂ ಹಂತ ಹಂತವಾಗಿ ಮೇಲಕ್ಕೆ ಸಾಗಿಸಬೇಕು. ಖರ್ಚು ಆಳದ ಜೊತೆ ಏರುತ್ತಿತ್ತು. ಚಿನ್ನದ ಬೆಲೆ ಗಣಿಯವರ ಕೈಯಲ್ಲಿರಲಿಲ್ಲ. 1956ರಲ್ಲಿ ಮೈಸೂರು ರಾಜ್ಯ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹಸ್ತಾಂತರವಾಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಹೆಸರು ಮೂರು ಸಲ ಬದಲಾದರೂ ಕೇಳಲೇಬೇಕಾದ ಪ್ರಶ್ನೆ ಹಾಗೇ ಉಳಿಯಿತು: ಗಣಿ ಮುಗಿದ ಮೇಲೆ ಈ ಊರು ಏನು ಮಾಡುತ್ತದೆ?

ಗಣಿಗಾರಿಕೆಯಲ್ಲಿ ಮುಕ್ತಾಯ ಎಂಬುದು ಅನಿರೀಕ್ಷಿತವಲ್ಲ. ಅದಿರಿನ ಗುಣ, ಖರ್ಚು, ಬೆಲೆ ಈ ಮೂರನ್ನು ಒಂದು ಕಾಗದದ ಮೇಲೆ ಬರೆದರೆ ಇಪ್ಪತ್ತು ವರ್ಷ ಮೊದಲೇ ಕಾಣುತ್ತದೆ. ಬಂಗಾರಪೇಟೆ ಸೆರಗಿನಲ್ಲಿ 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ (ಭಾರತ್ ಅರ್ಥ್ ಮೂವರ್ಸ್) ಕಾರ್ಖಾನೆ ಇನ್ನೊಂದು ದಾರಿ ಸಾಧ್ಯ ಎಂದು ತೋರಿಸಿತ್ತು. ಅದರಾಚೆಗೆ ಗಣಿಯ ಕೆಲಸಗಾರರನ್ನು ಬೇರೆ ಕಸುಬಿಗೆ ಸಿದ್ಧಪಡಿಸುವ ಕೆಲಸ ಹೇಳಿಕೊಳ್ಳುವಷ್ಟು ಆಗಲಿಲ್ಲ. ಇನ್ನೊಂದು ವರ್ಷ ನಷ್ಟ ಭರಿಸೋಣ, ಮುಂದೆ ನೋಡೋಣ ಎಂಬ ಅಡ್ಡಗೋಡೆಯ ಮೇಲಿನ ದೀಪದಲ್ಲೇ ದಶಕಗಳು ಉರುಳಿದವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಮೂರು ಸಾವಿರಕ್ಕೂ ಹೆಚ್ಚು ಜನ ಒಂದೇ ದಿನ ಕೆಲಸ ಕಳೆದುಕೊಂಡರು. ನೀರೆತ್ತುವ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಮುಂದುವರಿಸುವುದನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದಿತ್ತು, ನಿಲ್ಲಿಸಿದ್ದನ್ನು ಮತ್ತೆ ಆರಂಭಿಸುವುದು ಆಗದು. ಇಂಥ ಕಡೆ ಗಡುವನ್ನು ಮೊದಲೇ ಇಟ್ಟುಕೊಳ್ಳುವುದು ಜಾಣತನ: ಅದಿರು ಇಷ್ಟಕ್ಕೆ ಇಳಿದರೆ, ನಷ್ಟ ಇಷ್ಟು ವರ್ಷ ಮುಂದುವರಿದರೆ, ಇಂಥ ದಿನದಿಂದ ಇಂಥ ಕೆಲಸ ಆರಂಭ. ನಷ್ಟದ ಬಿಸಿ ತಟ್ಟುವ ಮೊದಲು, ತಲೆ ತಣ್ಣಗಿರುವಾಗ ಇದನ್ನು ಬರೆದಿಟ್ಟುಕೊಳ್ಳಬೇಕು.

ನರಸಾಪುರದ ಒಂದು ಶನಿವಾರ

ಕೋಲಾರ ತಾಲ್ಲೂಕಿನ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ವಿಸ್ಟ್ರಾನ್ ಕಂಪನಿ ಆ್ಯಪಲ್‌ಗಾಗಿ ಐಫೋನ್ ಜೋಡಿಸುತ್ತಿತ್ತು. 2020ರ ಡಿಸೆಂಬರ್ 12ರಂದು ಬೆಳಗ್ಗೆ ಪಾಳಿ ಮುಗಿಸಿದ ಕಾರ್ಮಿಕರ ಸಿಟ್ಟು ಸ್ಫೋಟಗೊಂಡು ಗಾಜು, ಯಂತ್ರ, ವಾಹನಗಳು ಪುಡಿಯಾದವು. ಮೊದಲು ನೂರಾರು ಕೋಟಿ ರೂಪಾಯಿ ನಷ್ಟ ಎಂದ ಕಂಪನಿ, ಆಮೇಲೆ ಅದಕ್ಕಿಂತ ಬಹಳ ಕಡಿಮೆ ಅಂಕಿ ಹೇಳಿತು. ವಾರದೊಳಗೆ ಆ್ಯಪಲ್, ಸರಿಪಡಿಸಿಕೊಳ್ಳುವವರೆಗೂ ಹೊಸ ಕೆಲಸ ಕೊಡುವುದಿಲ್ಲ ಎಂದಿತು. ಹಿಂಸೆ ಹಿಂಸೆಯೇ, ಅದಕ್ಕೆ ಸಮರ್ಥನೆಯಿಲ್ಲ. ಆದರೆ ವ್ಯವಸ್ಥಾಪಕರ ಪ್ರಶ್ನೆ 'ಯಾರು ಕಲ್ಲು ಹೊಡೆದರು' ಎಂಬಲ್ಲಿಗೆ ಮುಗಿಯಬಾರದು.

ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೊ ರೂಢಿಗೆ ತಂದ ಸರಳ ಪದ್ಧತಿಯೊಂದಿದೆ. ತೊಂದರೆ ಕಂಡಾಗ 'ಏಕೆ' ಎಂದು ಐದು ಸಲ ಕೇಳುವುದು. ರಾಜ್ಯದ ಕಾರ್ಖಾನೆಗಳ ಇಲಾಖೆಯ ಪ್ರಾಥಮಿಕ ತನಿಖೆಯಲ್ಲಿ ಬಂದ ಸಂಗತಿಗಳನ್ನು ಆ ಎಳೆಗೆ ಪೋಣಿಸಬಹುದು. ಕಾರ್ಮಿಕರು ಏಕೆ ಕೆರಳಿದರು? ಹೇಳಿದ ಸಂಬಳ ಖಾತೆಗೆ ಬೀಳಲಿಲ್ಲ. ಏಕೆ? ಹಾಜರಾತಿಯ ವ್ಯವಸ್ಥೆ ದುಡಿದ ಗಂಟೆಗಳನ್ನು ಸರಿಯಾಗಿ ದಾಖಲಿಸುತ್ತಿರಲಿಲ್ಲ. ಏಕೆ? ಅಕ್ಟೋಬರಿನಲ್ಲಿ ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಗೆ ಬದಲಾಯಿತು, ವ್ಯವಸ್ಥೆ ಅದಕ್ಕೆ ತಕ್ಕಂತೆ ಸಜ್ಜಾಗಿರಲಿಲ್ಲ. ತಿಂಗಳುಗಟ್ಟಲೆ ಏಕೆ ಸರಿಯಾಗಲಿಲ್ಲ? ಐದು ಸಾವಿರದಷ್ಟಿದ್ದ ಕಾರ್ಮಿಕರು ಸ್ವಲ್ಪ ಕಾಲದಲ್ಲಿ ಹತ್ತು ಸಾವಿರ ದಾಟಿದರು, ಅವರ ಅಹವಾಲು ನೋಡುವ ವಿಭಾಗ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ಬಹುಪಾಲು ಕಾರ್ಮಿಕರು ಬಂದದ್ದು ಆರು ಗುತ್ತಿಗೆ ಏಜೆನ್ಸಿಗಳ ಮೂಲಕ. ದೂರು ಕೊಡಲು ಹೋದವನನ್ನು ಕಂಪನಿಯವರು ಏಜೆನ್ಸಿಯತ್ತ ತೋರಿಸಬಹುದು, ಏಜೆನ್ಸಿಯವರು ಕಂಪನಿಯತ್ತ.

ಐದನೆಯ 'ಏಕೆ'ಯಲ್ಲಿ ಸಿಗುವುದು ಕೆಟ್ಟುಹೋದ ಯಂತ್ರವಲ್ಲ, ಮೇಲಕ್ಕೆ ಹತ್ತಲಾಗದ ಕೆಟ್ಟ ಸುದ್ದಿ. ಸಂಬಳ ತಪ್ಪಾದ ಮೊದಲ ತಿಂಗಳಲ್ಲೇ ನೂರಾರು ಜನರಿಗೆ ವಿಷಯ ಗೊತ್ತಿತ್ತು. ಸರಿಪಡಿಸುವ ಅಧಿಕಾರ ಇದ್ದವರಿಗೆ ಅದು ತಕ್ಕ ತೂಕದಲ್ಲಿ ಮುಟ್ಟಲಿಲ್ಲ. ಅಂಕಿಗಳನ್ನು ಮಾತ್ರ ನೋಡುವ ವ್ಯವಸ್ಥಾಪಕರಿಗೆ ಉತ್ಪಾದನೆ ಏರುತ್ತಿದೆ ಎಂದಷ್ಟೇ ಕಂಡಿರುತ್ತದೆ. ವಾರಕ್ಕೊಮ್ಮೆ ಕ್ಯಾಂಟೀನಿನ ಸರದಿಯಲ್ಲಿ ನಿಂತು ಊಟ ಮಾಡುವ ಮೇಲಧಿಕಾರಿಗೆ ತಿಳಿಯುವ ಸಂಗತಿ ಯಾವ ತಂತ್ರಾಂಶವೂ ತೋರಿಸದು. ವಿಸ್ಟ್ರಾನ್ ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆದು ಕಾರ್ಮಿಕರ ಕ್ಷಮೆ ಕೇಳಿತು. 2023ರ ಅಕ್ಟೋಬರಿನಲ್ಲಿ ಕಾರ್ಖಾನೆಯನ್ನು 12.5 ಕೋಟಿ ಡಾಲರಿಗೆ ಟಾಟಾ ಸಮೂಹಕ್ಕೆ ಮಾರುವುದಾಗಿ ಪ್ರಕಟಿಸಿತು.

ಮಂಡಿಯ ಲೆಕ್ಕ

ಬೆಲೆ ಯಾರ ಹಿಡಿತದಲ್ಲೂ ಇಲ್ಲದ ಕಡೆ ನಿರ್ಧಾರ ಹೇಗೆ? ಕೋಲಾರದ ಎಪಿಎಂಸಿ ಟೊಮ್ಯಾಟೊ ಮಾರುಕಟ್ಟೆ ಏಷ್ಯಾದ ದೊಡ್ಡವುಗಳಲ್ಲಿ ಒಂದೆಂದು ಹೆಸರಾದದ್ದು. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯಲ್ಲೂ ದೊಡ್ಡ ಮಾರುಕಟ್ಟೆಯಿದೆ. 15 ಕೆ.ಜಿ.ಯ ಬಾಕ್ಸ್‌ಗಳು ಸಾಲುಗಟ್ಟಿ ನಿಲ್ಲುತ್ತವೆ, ಬಣ್ಣ, ಗಾತ್ರ ನೋಡಿ ಹರಾಜು ಕೂಗುತ್ತಾರೆ. ಕೊಳ್ಳುವವನ ಒಂದು ಕಿವಿ ಹರಾಜಿನತ್ತ, ಇನ್ನೊಂದು ಕಿವಿಗೆ ಹೊರರಾಜ್ಯದ ಮಾರುಕಟ್ಟೆಯಿಂದ ಫೋನು. 2023ರ ಜುಲೈನಲ್ಲಿ ಬಾಕ್ಸ್ ಬೆಲೆ 2,000 ರೂಪಾಯಿ ದಾಟಿತು. ಎರಡು ತಿಂಗಳಲ್ಲಿ ಕೊಯ್ಲಿನ ಕೂಲಿ ಗಿಟ್ಟುವುದೂ ಕಷ್ಟವೆಂಬ ಮಟ್ಟಕ್ಕೆ ಕುಸಿಯಿತು. ಬೆಲೆ ಏರಿದಾಗ ಎಲ್ಲರೂ ನಾಟಿ ಮಾಡುತ್ತಾರೆ, ಫಸಲು ಒಟ್ಟಿಗೆ ಬರುತ್ತದೆ, ಬೆಲೆ ಬೀಳುತ್ತದೆ, ಎಲ್ಲರೂ ಕೈಬಿಡುತ್ತಾರೆ, ಮತ್ತೆ ಏರುತ್ತದೆ. ಅರ್ಥಶಾಸ್ತ್ರಜ್ಞ ಮೊರ್ಡಿಕಾಯ್ ಎಜೆಕಿಯಲ್ 1938ರಲ್ಲಿ ಜೇಡರಬಲೆಯ ಚಿತ್ರ ಬರೆದು ವಿವರಿಸಿದ್ದು ಇದನ್ನೇ.

ಮಂಡಿ ವ್ಯಾಪಾರಿಯೊಬ್ಬರ ಕೈಯಲ್ಲಿ ಸಾವಿರ ಬಾಕ್ಸ್ ಇದೆ ಎಂದುಕೊಳ್ಳೋಣ. ಇಲ್ಲೇ ಮಾರಿದರೆ ಬಾಕ್ಸಿಗೆ 300ರಂತೆ 3 ಲಕ್ಷ ರೂಪಾಯಿ ಖಚಿತ. ದೆಹಲಿಗೆ ಕಳಿಸಿದರೆ ಲಾರಿ ಬಾಡಿಗೆ, ಹಮಾಲಿ ಸೇರಿ 90 ಸಾವಿರ ಖರ್ಚು. ಅಲ್ಲಿ ಬೆಲೆ 500 ಸಿಗುವ ಸಾಧ್ಯತೆ ನೂರಕ್ಕೆ 60, ಇಳಿದು 250 ಆಗುವ ಸಾಧ್ಯತೆ 40. ಗೆದ್ದರೆ ಕೈಗೆ 4.1 ಲಕ್ಷ, ಸೋತರೆ 1.6 ಲಕ್ಷ. ಸಾಧ್ಯತೆಯಿಂದ ಗುಣಿಸಿ ಕೂಡಿದರೆ ಸರಾಸರಿ 3.1 ಲಕ್ಷ. ಕಳಿಸುವುದೇ ಹತ್ತು ಸಾವಿರ ಮೇಲು. ಆದರೆ ಅದೇ 60ರ ಬದಲು 55 ಎಂದು ಹಾಕಿದರೆ ಸರಾಸರಿ 2.98 ಲಕ್ಷಕ್ಕೆ ಇಳಿದು ಲೆಕ್ಕ ತಿರುವುಮುರುವಾಗುತ್ತದೆ. ಅಂದರೆ ಇಡೀ ವ್ಯಾಪಾರ ನಿಂತಿರುವುದು ಫೋನಿನಲ್ಲಿ ಬಂದ ಒಂದು ಅಂದಾಜಿನ ಮೇಲೆ. ಅದನ್ನು ಇನ್ನೊಬ್ಬರಲ್ಲಿ ವಿಚಾರಿಸಿ ಖಚಿತ ಮಾಡಿಕೊಳ್ಳುವುದರಲ್ಲಿ ಕಳೆದ ಅರ್ಧ ಗಂಟೆ ಬೇರೆಲ್ಲ ಚರ್ಚೆಗಿಂತ ಬೆಲೆಬಾಳುತ್ತದೆ. ಸರಾಸರಿಯನ್ನು ನಂಬಬಹುದಾದವರು ದಿನಕ್ಕೊಂದು ಲಾರಿ ಕಳಿಸುವವರು. ಇದ್ದಬದ್ದದ್ದನ್ನೆಲ್ಲ ಒಂದೇ ಲಾರಿಗೆ ತುಂಬಿದವರಿಗೆ 1.4 ಲಕ್ಷದ ಪೆಟ್ಟು ಅಂಗಡಿಯನ್ನೇ ಮುಚ್ಚಿಸಬಹುದು. ಒಂದೇ ಲೆಕ್ಕದಿಂದ ಇಬ್ಬರು ಬೇರೆ ಬೇರೆ ತೀರ್ಮಾನಕ್ಕೆ ಬಂದರೆ ಇಬ್ಬರೂ ಸರಿಯೇ.

ಲೆಕ್ಕಕ್ಕೆ ಸಿಗದ ಅಪಾಯವೂ ಇದೆ. ಶ್ರೀನಿವಾಸಪುರದ ತೋತಾಪುರಿ ಮಾವಿಗೆ ದೊಡ್ಡ ಗಿರಾಕಿ ಗಡಿಯಾಚೆಯ ಚಿತ್ತೂರು ಜಿಲ್ಲೆಯ ತಿರುಳು ತೆಗೆಯುವ ಕಾರ್ಖಾನೆಗಳು. 2025ರ ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿತು. ಸುಗ್ಗಿಯ ನಡುವೆ ಬೆಲೆ ನೆಲಕಚ್ಚಿತು, ಶ್ರೀನಿವಾಸಪುರ ಬಂದ್ ಆಯಿತು, ಮುಖ್ಯಮಂತ್ರಿಗಳು ಆಂಧ್ರಕ್ಕೆ ಪತ್ರ ಬರೆದರು, ಕೇಂದ್ರ ಸರ್ಕಾರ ಬೆಲೆ ವ್ಯತ್ಯಾಸ ತುಂಬಿಕೊಡುವ ಯೋಜನೆಗೆ ಒಪ್ಪಿತು. ಒಂದೇ ಊರಿನ ಗಿರಾಕಿಗಳನ್ನು ನೆಚ್ಚಿದರೆ ಹೀಗಾದೀತು ಎಂದು ಯಾರಿಗೂ ಗೊತ್ತಿರಲಿಲ್ಲ ಎನ್ನಲಾಗದು. ಗೊತ್ತಿದ್ದುದನ್ನು ಯಾರೂ ಮೇಜಿನ ಮೇಲೆ ಇಟ್ಟಿರಲಿಲ್ಲ. ಅಮೆರಿಕದ ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಇದಕ್ಕೊಂದು ಉಪಾಯ ಹೇಳಿದ್ದಾರೆ. ಯೋಜನೆಗೆ ಒಪ್ಪಿಗೆ ಕೊಡುವ ಮುನ್ನ, 'ಒಂದು ವರ್ಷ ಕಳೆದಿದೆ, ಯೋಜನೆ ಪೂರ್ತಿ ನೆಲಕಚ್ಚಿದೆ, ಏಕೆಂದು ಬರೆಯಿರಿ' ಎಂದು ಎಲ್ಲರಿಗೂ ಚೀಟಿ ಕೊಡುವುದು. 'ಏನಾದರೂ ಆಕ್ಷೇಪ ಇದೆಯೇ' ಎಂದರೆ ಯಜಮಾನರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಸೋತಾಗಿದೆ ಎಂದುಕೊಂಡು ಕಾರಣ ಹೇಳಲು ಧೈರ್ಯ ಬೇಕಿಲ್ಲ, ಬುದ್ಧಿ ಸಾಕು. ಚೀಟಿಯಲ್ಲಾದ್ದರಿಂದ ಕಿರಿಯ ಗುಮಾಸ್ತನ ಮಾತೂ ಹಿರಿಯರ ಮಾತಿನಷ್ಟೇ ದಪ್ಪಕ್ಷರದಲ್ಲಿ ಇರುತ್ತದೆ. ನಮ್ಮ ಕಡೆಯ ಕುಟುಂಬ ಉದ್ದಿಮೆಗಳಲ್ಲಿ, ಅಪ್ಪನ ಎದುರು ಮಗ, ಮಾವನ ಎದುರು ಅಳಿಯ ಸುಮ್ಮನೆ ಕೂರುವ ಸಭೆಗಳಿಗೆ ಇದಕ್ಕಿಂತ ಹೊಂದುವ ಪದ್ಧತಿ ಇಲ್ಲ.

ಇಷ್ಟೆಲ್ಲದರಲ್ಲಿ ಸಣ್ಣ ಉದ್ದಿಮೆಯವರೂ ನಾಳೆಯಿಂದಲೇ ಮಾಡಬಹುದಾದದ್ದು ನಿರ್ಧಾರಗಳ ಪುಸ್ತಕ. ದೊಡ್ಡ ನಿರ್ಧಾರ ಮಾಡಿದ ದಿನ ಅರ್ಧ ಪುಟ ಬರೆಯಬೇಕು: ಮುಂದಿದ್ದ ದಾರಿಗಳು ಯಾವುವು, ಇದನ್ನೇ ಏಕೆ ಹಿಡಿದದ್ದು, ಏನಾಗುತ್ತದೆಂದು ನಿರೀಕ್ಷೆ, ನೂರಕ್ಕೆ ಎಷ್ಟು ನಂಬಿಕೆ, ಯಾವ ದಿನ ಮತ್ತೆ ನೋಡುವುದು, ಏನು ಕಂಡರೆ ನಿಲ್ಲಿಸುವುದು. ಫಲಿತಾಂಶ ಬರುವ ಮೊದಲೇ ಬರೆಯಬೇಕು, ಆಮೇಲೆ ತಿದ್ದಬಾರದು. ಆರು ತಿಂಗಳ ನಂತರ ಹಳೆಯ ಪುಟಗಳನ್ನು ತೆರೆದು, ನೂರಕ್ಕೆ 80 ನಂಬಿಕೆ ಎಂದು ಬರೆದವುಗಳಲ್ಲಿ ನಿಜವಾಗಿ ಎಷ್ಟು ಫಲಿಸಿದವು ಎಂದು ಎಣಿಸಬೇಕು. ಹತ್ತರಲ್ಲಿ ಎಂಟು ಫಲಿಸಿದ್ದರೆ ಅಂದಾಜು ಸರಿಯಿದೆ. ಐದೇ ಫಲಿಸಿದ್ದರೆ ಮುಂದಿನ ಸಲ 80 ಎನಿಸಿದ ಕಡೆ 50 ಎಂದು ಹಾಕಿ ಲೆಕ್ಕ ಮಾಡಬೇಕು.